ಬುಷಲ್‌ಗೆ 49 ಸೆಂಟ್: ಬೆಳೆದಷ್ಟೂ ಸಾಲಗಾರನಾದ ಅಮೆರಿಕದ ರೈತ

ಪ್ರಶ್ನೆ: 19ನೇ ಶತಮಾನದ ಕೊನೆಯ ಮೂವತ್ತು ವರ್ಷಗಳಲ್ಲಿ ಅಮೆರಿಕ ನೋಡನೋಡುತ್ತಲೇ ಶ್ರೀಮಂತವಾಯಿತು. ರೈಲು, ಉಕ್ಕು, ಕಾರ್ಖಾನೆ ಎಲ್ಲವೂ ಬೆಳೆದವು. ಅದೇ ಹೊತ್ತಿಗೆ ಅಲ್ಲಿನ ರೈತರು ಸಾಲದಲ್ಲಿ ಮುಳುಗಿ, ತಮ್ಮದೇ ಪಕ್ಷ ಕಟ್ಟುವಷ್ಟು ಸಿಟ್ಟಿಗೆದ್ದರು ಎಂದು ಓದಿದೆ. ಸರ್ಕಾರ ಪುಕ್ಕಟೆ ಜಮೀನು ಕೊಟ್ಟಿತ್ತು, ಯಂತ್ರಗಳಿದ್ದವು, ಬೆಳೆಯೂ ಬಂತು. ಹಾಗಿದ್ದೂ ಹೀಗೇಕಾಯಿತು? ರೈಲು ಕಂಪನಿಗಳೇ ಕಾರಣವೇ? ಚಿನ್ನ–ಬೆಳ್ಳಿಯ ಜಗಳಕ್ಕೂ ಗೋಧಿ ಬೆಳೆಯುವವನಿಗೂ ಏನು ಸಂಬಂಧ?

ಉತ್ತರ: ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. 1881ರಲ್ಲಿ ಅಮೆರಿಕದ ರೈತನ ಕೈಗೆ ಸಿಗುತ್ತಿದ್ದ ಗೋಧಿಯ ಸರಾಸರಿ ಧಾರಣೆ ಬುಷಲ್‌ಗೆ ಸುಮಾರು 1 ಡಾಲರ್ 19 ಸೆಂಟ್. ಒಂದು ಬುಷಲ್ ಗೋಧಿ ಎಂದರೆ 60 ಪೌಂಡ್, ನಮ್ಮ ತೂಕದಲ್ಲಿ 27 ಕೆ.ಜಿ.ಗೆ ತುಸು ಮೇಲೆ. 1894ರ ಹೊತ್ತಿಗೆ ಅದೇ ಬುಷಲ್‌ಗೆ 49 ಸೆಂಟ್. ಈಗ ಜಮೀನು ಅಡವಿಟ್ಟು 1,000 ಡಾಲರ್ ಸಾಲ ತಂದವನನ್ನು ನೋಡಿ. 1881ರಲ್ಲಿ ಆ ಅಸಲು ಎಂದರೆ 840 ಬುಷಲ್ ಗೋಧಿ. ಅಸಲು ತೀರಿಸಲಾಗದೆ ಸಾಲ ನವೀಕರಿಸುತ್ತಾ ಬಂದಿದ್ದರೆ 1894ರಲ್ಲಿ ಅದು 2,040 ಬುಷಲ್. ಶೇಕಡ 8ರ ಬಡ್ಡಿಯಂತೆ ವರ್ಷಕ್ಕೆ 80 ಡಾಲರ್ ಕಟ್ಟಲು ಮೊದಲು 67 ಬುಷಲ್ ಮಾರಿದರೆ ಸಾಕಾಗುತ್ತಿತ್ತು, ಆಮೇಲೆ 163 ಬುಷಲ್ ಬೇಕಾಯಿತು. ಎಕರೆಗೆ 13 ಬುಷಲ್ ಇಳುವರಿ ಎಂದಿಟ್ಟುಕೊಂಡರೆ, ಐದು ಎಕರೆಯ ಬೆಳೆಯಲ್ಲಿ ಮುಗಿಯುತ್ತಿದ್ದ ಬಡ್ಡಿ ಹನ್ನೆರಡೂವರೆ ಎಕರೆಯನ್ನು ನುಂಗತೊಡಗಿತು. ಸಾಲಪತ್ರದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಡಾಲರಿನ ತೂಕ.

ನಿಮ್ಮ ಪ್ರಶ್ನೆಯ ತಿರುಳು ಈ ಲೆಕ್ಕದಲ್ಲೇ ಇದೆ. ರೈಲು ಕಂಪನಿಯ ಮೇಲಿನ ಸಿಟ್ಟು ನ್ಯಾಯವಾದದ್ದೇ. ಆದರೆ ರೈತನನ್ನು ಕೆಳಕ್ಕೆ ಎಳೆದ ಭಾರಗಳಲ್ಲಿ ದೊಡ್ಡದು ಹಣದ ವ್ಯವಸ್ಥೆ. ‘ಹಳ್ಳಿಗರಿಗೆ ಅರ್ಥಶಾಸ್ತ್ರ ತಿಳಿಯದು’ ಎಂದು ನ್ಯೂಯಾರ್ಕಿನ ಪತ್ರಿಕೆಗಳು ನಗುತ್ತಿದ್ದ ಕಾಲದಲ್ಲಿ ಆ ಹಳ್ಳಿಗರು ರೋಗವನ್ನು ಸರಿಯಾಗಿಯೇ ಗುರುತಿಸಿದ್ದರು. ಮದ್ದಿನ ವಿಚಾರ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಪುಕ್ಕಟೆ ಜಮೀನಿನ ಮಾತು ಮೊದಲು. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ 160 ಎಕರೆ ಸಿಗುತ್ತಿತ್ತು. ಒಟ್ಟು ಶುಲ್ಕ 18 ಡಾಲರ್, ಐದು ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಬೇಕು. ಆದರೆ ನೆಲ ಸಿಕ್ಕ ಮಾತ್ರಕ್ಕೆ ಹೊಲವಾಗುವುದಿಲ್ಲ. ಬಯಲುಸೀಮೆಯ ಹುಲ್ಲಿನ ಬೇರು ಒಂದಕ್ಕೊಂದು ಹೆಣೆದುಕೊಂಡು ಹಾಸಿನಂತೆ ಗಟ್ಟಿಯಾಗಿರುತ್ತಿತ್ತು, ಅದನ್ನು ಸೀಳಲು ಉಕ್ಕಿನ ನೇಗಿಲು ಬೇಕು. ಬಾವಿ ಆಳಕ್ಕೆ ತೋಡಬೇಕು. ಮರವೇ ಇಲ್ಲದ ನಾಡಾದ್ದರಿಂದ ಬೇಲಿಗೆ ಮುಳ್ಳುತಂತಿ ಕೊಳ್ಳಬೇಕು (ಗ್ಲಿಡನ್‌ನ ಪೇಟೆಂಟ್ 1874ರದ್ದು). ಜೊತೆಗೆ ಎತ್ತು ಅಥವಾ ಕುದುರೆ, ಬೀಜ, ಮೊದಲ ಬೆಳೆ ಬರುವವರೆಗಿನ ಊಟ. ಇಷ್ಟಕ್ಕೇ ಹಲವು ನೂರು ಡಾಲರ್ ಆಗುತ್ತಿತ್ತು. ಇನ್ನು ಒಳ್ಳೆಯ ಜಮೀನು ರೈಲು ಹಳಿಯ ಪಕ್ಕದಲ್ಲೇ ಇರುತ್ತಿತ್ತು. ಆ ಪಟ್ಟಿಗಳನ್ನು ಕೇಂದ್ರ ಸರ್ಕಾರ ರೈಲು ಕಂಪನಿಗಳಿಗೇ ದಾನ ಮಾಡಿತ್ತು, ಒಟ್ಟು ಸುಮಾರು 13 ಕೋಟಿ ಎಕರೆ. ಆದ್ದರಿಂದ ಹಳಿಯಿಂದ ಗಾಡಿಯಲ್ಲಿ ಎರಡು ದಿನ ದೂರದ ಪುಕ್ಕಟೆ ಜಮೀನು ಒಂದು ಕಡೆ, ಹಳಿಯ ಪಕ್ಕದ ಕ್ರಯದ ಜಮೀನು ಇನ್ನೊಂದು ಕಡೆ. ಬಹಳ ಜನ ಎರಡನೆಯದನ್ನೇ ಆರಿಸಿ, ಮೊದಲ ದಿನದಿಂದಲೇ ಸಾಲಗಾರರಾದರು.

ಮಳೆಯದೂ ಒಂದು ತಕರಾರು. 100ನೇ ರೇಖಾಂಶದ ಪಶ್ಚಿಮಕ್ಕೆ ವರ್ಷಕ್ಕೆ 20 ಇಂಚಿಗಿಂತ ಕಡಿಮೆ ಮಳೆ. ಅಲ್ಲಿ ನೀರಾವರಿ ಇಲ್ಲದೆ 160 ಎಕರೆ ಒಂದು ಕುಟುಂಬವನ್ನು ಸಾಕುವುದಿಲ್ಲ, ದನ ಮೇಯಿಸಿ ಬದುಕುವುದಾದರೆ 2,560 ಎಕರೆ ಬೇಕು ಎಂದು ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರ ವರದಿಯಲ್ಲೇ ಬರೆದಿದ್ದರು. ‘ನೇಗಿಲು ಹೋದಲ್ಲಿಗೆ ಮಳೆ ಹಿಂಬಾಲಿಸುತ್ತದೆ’ ಎಂದು ಜಮೀನು ಮಾರುವವರು ಹಬ್ಬಿಸಿದ ಮಾತಿನ ಮುಂದೆ ಆ ವರದಿ ಯಾರಿಗೂ ಬೇಕಾಗಲಿಲ್ಲ. 1880ರ ದಶಕದ ಮೊದಲ ಕೆಲವು ವರ್ಷ ಮಳೆ ಚೆನ್ನಾಗಿ ಬಂದದ್ದೇ ತಪ್ಪಾಯಿತೆನ್ನಬೇಕು. ಪೂರ್ವದ ರಾಜ್ಯಗಳ ಉಳಿತಾಯದ ಹಣ ಅಡಮಾನ ಕಂಪನಿಗಳ ಮೂಲಕ ಕಾನ್ಸಾಸ್, ನೆಬ್ರಾಸ್ಕಾ, ಡಕೋಟಾಗಳಿಗೆ ನುಗ್ಗಿತು. 1887ರಿಂದ ಬರ ಸಾಲುಗಟ್ಟಿತು. 1890ರ ಗಣತಿಯ ಹೊತ್ತಿಗೆ ದೇಶದಲ್ಲಿ ಮಾಲೀಕರೇ ಉಳುತ್ತಿದ್ದ ಹೊಲಗಳಲ್ಲಿ ಶೇಕಡ 28ರಷ್ಟು ಅಡಮಾನದಲ್ಲಿದ್ದವು. ಕಾನ್ಸಾಸ್‌ನಲ್ಲಿ ಅದು ಅರ್ಧವನ್ನೂ ದಾಟಿತ್ತು.

ಈಗ ಗೋಧಿಯ ಗಾಡಿಯ ಹಿಂದೆ ಹೋಗೋಣ. ಸುಗ್ಗಿ ಮುಗಿದ ವಾರವೇ ರೈತ ಊರಿನ ಸ್ಟೇಷನ್ ಪಕ್ಕದ ಎಲಿವೇಟರಿಗೆ ಗಾಡಿ ಹೊಡೆಯುತ್ತಾನೆ. ಎಲಿವೇಟರ್ ಎಂದರೆ ಬಕೆಟ್ ಪಟ್ಟಿಯಿಂದ ಕಾಳನ್ನು ಮೇಲಕ್ಕೆತ್ತಿ, ಎತ್ತರದ ಗೂಡುಗಳಲ್ಲಿ ತುಂಬಿಟ್ಟು, ಕೆಳಗೆ ನಿಂತ ರೈಲು ವ್ಯಾಗನ್ನಿಗೆ ಸುರಿಯುವ ಉಗ್ರಾಣ. ಸಣ್ಣ ಊರಿನಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಒಂದೇ. ಅದರ ಮಾಲೀಕನಿಗೂ ರೈಲು ಕಂಪನಿಗೂ ಒಳಒಪ್ಪಂದ. ‘ಎಲಿವೇಟರ್ ಬೇಡ, ನಾನೇ ಸಲಿಕೆಯಲ್ಲಿ ವ್ಯಾಗನ್ ತುಂಬುತ್ತೇನೆ’ ಎಂದರೆ ವ್ಯಾಗನ್ನೇ ಸಿಗುತ್ತಿರಲಿಲ್ಲ. ಮೊದಲ ಕಡಿತ ತೂಕದಲ್ಲಿ, ಎರಡನೆಯದು ಕಸಕಡ್ಡಿಯ ಹೆಸರಿನಲ್ಲಿ, ಮೂರನೆಯದು ದರ್ಜೆಯಲ್ಲಿ.

ಈ ದರ್ಜೆಯ ಆಟವನ್ನು ತುಸು ಬಿಡಿಸಿ ಹೇಳಬೇಕು. ಷಿಕಾಗೊದ ಬೋರ್ಡ್ ಆಫ್ ಟ್ರೇಡ್ 1850ರ ದಶಕದಲ್ಲಿ ಗೋಧಿಯನ್ನು ನಂಬರ್ 1, ನಂಬರ್ 2 ಎಂದು ವಿಂಗಡಿಸುವ ಪದ್ಧತಿ ತಂದಿತು. ಅದರಿಂದ ಯಾರ ಹೊಲದ ಕಾಳು ಎಂಬ ಲೆಕ್ಕ ಹೋಯಿತು. ಒಂದೇ ದರ್ಜೆಯ ಕಾಳೆಲ್ಲ ಒಂದೇ ಗೂಡಿಗೆ ಬೀಳುತ್ತದೆ, ಕೈಗೆ ರಶೀದಿ ಬರುತ್ತದೆ, ರಶೀದಿಯೇ ಪೇಟೆಯಲ್ಲಿ ಕೈಬದಲಾಗುತ್ತದೆ. ವ್ಯಾಪಾರಕ್ಕೆ ಇದು ದೊಡ್ಡ ಅನುಕೂಲ, ಸಂಶಯವಿಲ್ಲ. ಆದರೆ ಪ್ರತಿ ದರ್ಜೆಗೂ ಒಂದು ಮೇಲಂಚು, ಒಂದು ಕೆಳಅಂಚು ಇರುತ್ತದಲ್ಲ? ರೈತನ ಗೋಧಿ ನಂಬರ್ 1ಕ್ಕೆ ಕೂದಲೆಳೆಯಷ್ಟು ಕಡಿಮೆಯಿದ್ದರೆ ಅದು ನಂಬರ್ 2. ಅದನ್ನು ನಂಬರ್ 2ರ ಬೆಲೆಗೆ ಕೊಂಡವನು ಒಳಗೆ ಉತ್ತಮ ನಂಬರ್ 1ರ ಜೊತೆ ಬೆರೆಸಿ, ಇಡೀ ರಾಶಿ ನಂಬರ್ 1ರ ಕೆಳಅಂಚಿಗೆ ಸರಿಯಾಗಿ ಕೂರುವಂತೆ ಮಾಡುತ್ತಾನೆ. ಹೊರಗೆ ಹೋಗುವಾಗ ಎಲ್ಲವೂ ನಂಬರ್ 1. ನಡುವಿನ ಲಾಭ ಬೆರೆಸಿದವನದು. ಕಾಳನ್ನು ಬೆಳೆದವನಿಗೆ ಅದರ ಸುಳಿವೂ ಇರುವುದಿಲ್ಲ.

ಇದಕ್ಕೆ ಇಲಿನಾಯ್ ರಾಜ್ಯ 1871ರಲ್ಲಿ ಕಡಿವಾಣ ಹಾಕಿತು. ಗ್ರೇಂಜ್ ಎಂಬ ರೈತ ಸಂಘ (ಆಲಿವರ್ ಕೆಲ್ಲಿ 1867ರಲ್ಲಿ ಕಟ್ಟಿದ್ದು) ಆ ಕಾಲದಲ್ಲಿ ಬೆಳೆಯುತ್ತಿತ್ತು, ಇಂಥ ಕಾಯ್ದೆಗಳಿಗೆ ಅದರ ಹೆಸರೇ ಅಂಟಿಕೊಂಡಿತು. ಮೊದಲ 30 ದಿನದ ಸಂಗ್ರಹಕ್ಕೆ ಬುಷಲ್‌ಗೆ 2 ಸೆಂಟ್, ಆಮೇಲೆ ಪ್ರತಿ 15 ದಿನಕ್ಕೆ ಅರ್ಧ ಸೆಂಟ್, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಷಿಕಾಗೊದ ಎಲಿವೇಟರ್ ಮಾಲೀಕರಾದ ಮನ್ ಮತ್ತು ಸ್ಕಾಟ್ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1877ರಲ್ಲಿ ಸೋತರು. ಖಾಸಗಿ ಆಸ್ತಿ ಸಾರ್ವಜನಿಕ ಹಿತದೊಂದಿಗೆ ತಳಕು ಹಾಕಿಕೊಂಡಾಗ ಸರ್ಕಾರ ಅದರ ದರ ನಿಗದಿ ಮಾಡಬಹುದು ಎಂಬ ತತ್ತ್ವ ಅಲ್ಲಿಂದ ಬಂತು.

ರೈಲಿನ ಬಾಡಿಗೆಗೆ ಬಂದರೆ, ಒಂದು ಉದಾಹರಣೆ ಸಾಕು. ಇಲಿನಾಯ್‌ನ ಪಿಯೋರಿಯಾ ಮತ್ತು ಗಿಲ್ಮನ್ ಊರುಗಳಿಂದ ನ್ಯೂಯಾರ್ಕಿಗೆ ತಲಾ 26,000 ಪೌಂಡ್ ಸರಕು ಹೋಯಿತು. ಗಿಲ್ಮನ್ ನ್ಯೂಯಾರ್ಕಿಗೆ 86 ಮೈಲಿ ಹತ್ತಿರ. ಆದರೂ ವಾಬಾಷ್ ಕಂಪನಿ ಪಿಯೋರಿಯಾದವರಿಂದ ನೂರು ಪೌಂಡಿಗೆ 15 ಸೆಂಟ್‌ನಂತೆ 39 ಡಾಲರ್ ತೆಗೆದುಕೊಂಡು, ಗಿಲ್ಮನ್‌ನವರಿಂದ 25 ಸೆಂಟ್‌ನಂತೆ 65 ಡಾಲರ್ ವಸೂಲು ಮಾಡಿತು. ಪೈಪೋಟಿ ಇದ್ದಲ್ಲಿ ದರ ಇಳಿಸುವುದು, ಇಲ್ಲದ ಕಡೆ ಆ ನಷ್ಟವನ್ನು ತುಂಬಿಕೊಳ್ಳುವುದು, ಇಷ್ಟೇ ಇದರ ಗುಟ್ಟು. ಹಳಿ, ಸೇತುವೆ, ಸಾಲಪತ್ರಗಳ ಬಡ್ಡಿ ಎಲ್ಲ ಸ್ಥಿರ ಖರ್ಚು. ರೈಲು ಖಾಲಿ ಓಡಿದರೂ ಅದು ತಪ್ಪದು. ಹಾಗಾಗಿ ಪೈಪೋಟಿಯ ಊರಲ್ಲಿ ಯಾವ ಬೆಲೆಗಾದರೂ ಸರಕು ಹಿಡಿಯಲೇಬೇಕು. ಕಂಪನಿಯ ಕಣ್ಣಲ್ಲಿ ಇದು ದುರಾಸೆಗಿಂತ ಹೆಚ್ಚಾಗಿ ಉಳಿವಿನ ಲೆಕ್ಕ. ಗಿಲ್ಮನ್‌ನವನಿಗೆ ಅದರಿಂದ ಸಮಾಧಾನವೇನೂ ಸಿಗುವುದಿಲ್ಲ.

1886ರಲ್ಲಿ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಸರಕಿನ ದರ ಕಟ್ಟಲು ರಾಜ್ಯಗಳಿಗೆ ಅಧಿಕಾರವಿಲ್ಲ ಎಂದಿತು. ಮರುವರ್ಷವೇ ಸಂಸತ್ತು ಅಂತರರಾಜ್ಯ ವಾಣಿಜ್ಯ ಕಾಯ್ದೆ ತಂದು ಐದು ಜನರ ಆಯೋಗ ನೇಮಿಸಿತು. ದರಪಟ್ಟಿ ಪ್ರಕಟಿಸಬೇಕು, ಗುಟ್ಟಿನ ರಿಯಾಯಿತಿ ಕೊಡಕೂಡದು, ಕಡಿಮೆ ದೂರಕ್ಕೆ ಹೆಚ್ಚು ಬಾಡಿಗೆ ಕೇಳಕೂಡದು. ಆದರೆ ಕೊನೆಯ ನಿಯಮಕ್ಕೆ ಒಂದು ಬಾಲ ಅಂಟಿಸಿದರು: ‘ಪರಿಸ್ಥಿತಿಗಳು ಬಹುಮಟ್ಟಿಗೆ ಒಂದೇ ಆಗಿದ್ದರೆ’. ಪೈಪೋಟಿ ಇರುವ ಊರು, ಇಲ್ಲದ ಊರು ಎಂದ ಮೇಲೆ ಪರಿಸ್ಥಿತಿ ಬೇರೆಯೇ ಆಯಿತಲ್ಲ ಎಂದು ಕಂಪನಿಗಳು ವಾದಿಸಿದವು. 1897ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಅಂದರೆ ಯಾವ ಅನ್ಯಾಯ ತಪ್ಪಿಸಲು ಕಾಯ್ದೆ ಹುಟ್ಟಿತೋ ಅದೇ ಅನ್ಯಾಯಕ್ಕೆ ಕಾಯ್ದೆಯಲ್ಲೇ ದಾರಿ ಸಿಕ್ಕಿತು. ಹಲ್ಲಿಲ್ಲದ ಆಯೋಗಕ್ಕೆ ಹಲ್ಲು ಬಂದದ್ದು 1906ರ ಹೆಪ್‌ಬರ್ನ್ ಕಾಯ್ದೆಯಿಂದ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 1870ರಿಂದ 1900ರವರೆಗೆ ಟನ್-ಮೈಲಿ ಲೆಕ್ಕದ (ಒಂದು ಟನ್ ಸರಕನ್ನು ಒಂದು ಮೈಲಿ ಒಯ್ಯುವ) ಸರಾಸರಿ ರೈಲು ಬಾಡಿಗೆ ಇಳಿಯುತ್ತಲೇ ಹೋಯಿತು. ಹಡಗಿನ ಬಾಡಿಗೆಯೂ ಇಳಿಯಿತು. ಯಂತ್ರ, ಬಟ್ಟೆ ಕೂಡ ಅಗ್ಗವಾದವು. 1830ರ ಸುಮಾರಿಗೆ ಒಂದು ಎಕರೆ ಗೋಧಿಗೆ 61 ಗಂಟೆಯ ದುಡಿಮೆ ಬೇಕಿತ್ತು, 1890ರ ದಶಕದಲ್ಲಿ ಯಂತ್ರವಿದ್ದ ಹೊಲದಲ್ಲಿ 3 ಗಂಟೆ ಇಪ್ಪತ್ತು ನಿಮಿಷದಷ್ಟೇ. ದೇಶದಲ್ಲಿ ಹೊಲಗಳ ಸಂಖ್ಯೆ 1870ರ 26.6 ಲಕ್ಷದಿಂದ 1900ರಲ್ಲಿ 57 ಲಕ್ಷ ದಾಟಿತು. ಜೊತೆಗೆ ರಷ್ಯಾ, ಅರ್ಜೆಂಟೀನಾ, ಸೂಯೆಜ್ ಕಾಲುವೆ ತೆರೆದ ಮೇಲೆ ಭಾರತದ ಗೋಧಿಯೂ ಲಿವರ್‌ಪೂಲ್‌ಗೆ ಬಂತು. ಬೆಲೆ ಬೀಳಲು ಇಷ್ಟು ಸಾಕು. ಎಲ್ಲ ಬೆಲೆಗಳೂ ಒಟ್ಟಿಗೆ ಬಿದ್ದರೆ ರೈತನಿಗೇನು ನಷ್ಟ ಎಂದು ಅಂದಿನ ಪ್ರಾಧ್ಯಾಪಕರು ಕೇಳುತ್ತಿದ್ದರು, ಇಂದಿಗೂ ಕೆಲವರು ಕೇಳುತ್ತಾರೆ. ಬೀಳದೆ ನಿಂತದ್ದು ಒಂದೇ: ಸಾಲದ ಅಸಲು. ಅದಕ್ಕೇ ಮೊದಲು ಆ ಲೆಕ್ಕ ಕೊಟ್ಟೆ.

ಹಣಕ್ಕೆ ಬರೋಣ. ಅಂತರ್ಯುದ್ಧದ ಕಾಲದಲ್ಲಿ ಸರ್ಕಾರ ಚಿನ್ನದ ಬೆಂಬಲವಿಲ್ಲದ ಗ್ರೀನ್‌ಬ್ಯಾಕ್ ನೋಟು ಅಚ್ಚು ಹಾಕಿತ್ತು, ಬೆಲೆಗಳು ಏರಿದ್ದವು. ಯುದ್ಧ ಮುಗಿದ ಮೇಲೆ ಆ ನೋಟನ್ನು ಮತ್ತೆ ಚಿನ್ನಕ್ಕೆ ಸಮ ಮಾಡುವ ಹಟ ಹಿಡಿದರು. 1879ರ ಜನವರಿ 1ರಿಂದ ನೋಟು ಕೊಟ್ಟರೆ ಚಿನ್ನ ಸಿಗತೊಡಗಿತು. ಆ ಸ್ಥಿತಿಗೆ ತರಲು ನೋಟಿನ ಪ್ರಮಾಣವನ್ನು ಬಿಗಿಹಿಡಿದು, ಜನಸಂಖ್ಯೆಯೂ ಉತ್ಪಾದನೆಯೂ ತಾವಾಗಿ ಬೆಳೆದು ಬೆಲೆ ಇಳಿಯಲು ಬಿಟ್ಟಿದ್ದರು. 1870ರಲ್ಲಿ ಸುಮಾರು 3.9 ಕೋಟಿ ಇದ್ದ ಜನ 1900ಕ್ಕೆ 7.6 ಕೋಟಿಯಾದರು.

ಬ್ಯಾಂಕ್ ಕಾಯ್ದೆಯೂ ಹಳ್ಳಿಗೆ ಎದುರಾಗಿತ್ತು. ರಾಷ್ಟ್ರೀಯ ಬ್ಯಾಂಕ್ ತೆರೆಯಲು ಸಣ್ಣ ಊರಲ್ಲೂ ಕನಿಷ್ಠ 50,000 ಡಾಲರ್ ಬಂಡವಾಳ ಬೇಕು. ಜಮೀನಿನ ಅಡಮಾನದ ಮೇಲೆ ಅದು ಸಾಲ ಕೊಡುವಂತಿಲ್ಲ. ರಾಜ್ಯದ ಬ್ಯಾಂಕ್ ನೋಟು ಹೊರಡಿಸಿದರೆ ಶೇಕಡ 10 ತೆರಿಗೆ. ರೈತನ ಬಳಿ ಇದ್ದ ಆಸ್ತಿ ಜಮೀನೊಂದೇ, ಆ ಒಂದನ್ನೇ ಬ್ಯಾಂಕ್ ಮುಟ್ಟುವಂತಿರಲಿಲ್ಲ. ಶರತ್ಕಾಲದಲ್ಲಿ ದೇಶದ ಇಡೀ ಬೆಳೆ ಒಮ್ಮೆಗೇ ಪೇಟೆಗೆ ಬರುವಾಗ ಅದನ್ನು ಕೊಳ್ಳಲು ಬೇಕಾದಷ್ಟು ನಗದು ಚಲಾವಣೆಯಲ್ಲೇ ಇರುತ್ತಿರಲಿಲ್ಲ. ಬಡ್ಡಿ ಏರುತ್ತಿತ್ತು, ಧಾರಣೆ ಕುಸಿಯುತ್ತಿತ್ತು. ಕಂತು ಕಟ್ಟುವ ಗಡುವೂ ಅದೇ ತಿಂಗಳು.

ಬೆಳ್ಳಿಯ ಕಥೆ ಹುಟ್ಟುವುದು ಇಲ್ಲಿ. ಅಮೆರಿಕದ ಬೆಳ್ಳಿ ಡಾಲರಿನಲ್ಲಿ 371.25 ಗ್ರೇನ್ ಶುದ್ಧ ಬೆಳ್ಳಿ, ಅಂದರೆ ಸುಮಾರು 24 ಗ್ರಾಂ. ಚಿನ್ನದ ಡಾಲರಿನಲ್ಲಿ 23.22 ಗ್ರೇನ್, ಒಂದೂವರೆ ಗ್ರಾಂ. ಭಾಗಿಸಿದರೆ 15.99 ಬರುತ್ತದೆ. ಚುನಾವಣೆಯ ಘೋಷಣೆಯಾದ ‘ಹದಿನಾರಕ್ಕೆ ಒಂದು’ ಎಂಬುದರ ಮೂಲ ಇದೇ. 1873ರ ನಾಣ್ಯ ಕಾಯ್ದೆ ಟಂಕಿಸಬೇಕಾದ ನಾಣ್ಯಗಳ ಪಟ್ಟಿಯಿಂದ ಈ ಬೆಳ್ಳಿ ಡಾಲರನ್ನು ಸದ್ದಿಲ್ಲದೆ ಬಿಟ್ಟಿತು. ಆಗ ಯಾರೂ ಗಮನಿಸಲಿಲ್ಲ, ಏಕೆಂದರೆ ಅಷ್ಟು ಬೆಳ್ಳಿಗೆ ಪೇಟೆಯಲ್ಲಿ ಡಾಲರಿಗಿಂತ ತುಸು ಹೆಚ್ಚೇ ಸಿಗುತ್ತಿತ್ತು, ಟಂಕಸಾಲೆಗೆ ಒಯ್ಯುವವರೇ ಇರಲಿಲ್ಲ. ಬಳಿಕ ನೆವಾಡಾದ ಗಣಿಗಳಿಂದ ಬೆಳ್ಳಿ ಹರಿದುಬಂತು. ಜರ್ಮನಿ ಬೆಳ್ಳಿ ಬಿಟ್ಟು ಚಿನ್ನ ಹಿಡಿಯಿತು. ಬೆಳ್ಳಿ ಬೆಲೆ ಬಿತ್ತು. ಬೆಳ್ಳಿ ಕೊಟ್ಟು ಡಾಲರ್ ಮಾಡಿಸಿಕೊಳ್ಳುವ ಬಾಗಿಲು ಮುಚ್ಚಿದ್ದು ಆಗ ಕಣ್ಣಿಗೆ ಬಿತ್ತು, ‘73ರ ಅಪರಾಧ’ ಎಂಬ ಹೆಸರೂ ಬಂತು. ಸಂಚು ಇತ್ತೇ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಆದ ಪರಿಣಾಮ ಮಾತ್ರ ನಿಜ.

ಬೆಳ್ಳಿ ಪರದವರ ಬಾಯಿಮುಚ್ಚಿಸಲು 1878ರಲ್ಲಿ ಸರ್ಕಾರ ತಿಂಗಳಿಗೆ 20ರಿಂದ 40 ಲಕ್ಷ ಡಾಲರ್‌ನ ಬೆಳ್ಳಿ ಕೊಳ್ಳಲು ಒಪ್ಪಿತು. 1890ರ ಷರ್ಮನ್ ಕಾಯ್ದೆಯಲ್ಲಿ ಅದು ತಿಂಗಳಿಗೆ 45 ಲಕ್ಷ ಔನ್ಸ್ ಆಯಿತು. ಬೆಳ್ಳಿಗೆ ಕೊಟ್ಟ ನೋಟನ್ನು ಜನ ತಂದು ಚಿನ್ನ ಕೇಳತೊಡಗಿದರು, ಖಜಾನೆಯ ಚಿನ್ನ ಕರಗಿತು. 1893ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾ ಅಂಡ್ ರೀಡಿಂಗ್ ರೈಲು ಕಂಪನಿ ದಿವಾಳಿಯೆದ್ದಿತು, ಏಪ್ರಿಲ್‌ನಲ್ಲಿ ಖಜಾನೆಯ ಮೀಸಲು 10 ಕೋಟಿ ಡಾಲರಿಗಿಂತ ಕೆಳಗಿಳಿಯಿತು.

ನಮ್ಮ ದೇಶ ಈ ಕಥೆಯೊಳಗೆ ಕಾಲಿಡುವುದು ಅದೇ ವರ್ಷ. ಅಲ್ಲಿಯವರೆಗೆ ಭಾರತದ ಟಂಕಸಾಲೆಗಳಲ್ಲಿ ಯಾರು ಬೇಕಾದರೂ ಬೆಳ್ಳಿ ಕೊಟ್ಟು ರೂಪಾಯಿ ಮಾಡಿಸಿಕೊಳ್ಳಬಹುದಿತ್ತು, ಜಗತ್ತಿನ ಬೆಳ್ಳಿಗೆ ಅದು ದೊಡ್ಡ ಗಿರಾಕಿ. 1893ರ ಜೂನ್ 26ರಂದು ಬ್ರಿಟಿಷ್ ಸರ್ಕಾರ ಆ ಬಾಗಿಲನ್ನೂ ಹಾಕಿತು. ಕೆಲವೇ ದಿನಗಳಲ್ಲಿ ಬೆಳ್ಳಿ ನೆಲಕಚ್ಚಿತು, ಕೊಲರಾಡೊದ ಗಣಿಗಳು ಮುಚ್ಚಿದವು, ಅಧ್ಯಕ್ಷ ಕ್ಲೀವ್‌ಲ್ಯಾಂಡ್ ವಿಶೇಷ ಅಧಿವೇಶನ ಕರೆದು ನವೆಂಬರ್ 1ಕ್ಕೆ ಷರ್ಮನ್ ಕಾಯ್ದೆಯನ್ನು ರದ್ದು ಮಾಡಿಸಿದರು. ಕಾನ್ಸಾಸ್‌ನವನಿಗೆ ಭಾರತದ ಬಗ್ಗೆ ಇನ್ನೊಂದು ದೂರೂ ಇತ್ತು. ಬೆಳ್ಳಿ ಅಗ್ಗವಾದಂತೆ ರೂಪಾಯಿಯೂ ಚಿನ್ನದ ಲೆಕ್ಕದಲ್ಲಿ ಅಗ್ಗವಾಗಿತ್ತು. ಲಿವರ್‌ಪೂಲ್‌ನಲ್ಲಿ ಗೋಧಿಯ ಚಿನ್ನದ ಬೆಲೆ ಬಿದ್ದರೂ ಪಂಜಾಬಿನ ಗೋಧಿ ಮಾರುವವನ ಕೈಗೆ ಬರುವ ರೂಪಾಯಿ ಅಷ್ಟೇನೂ ಕಡಿಮೆಯಾಗುತ್ತಿರಲಿಲ್ಲ. ಡಾಲರಿನಲ್ಲಿ ಎಣಿಸುವವನಿಗೆ ಮಾತ್ರ ಪೂರ್ತಿ ಪೆಟ್ಟು. ಬೆಳ್ಳಿ ಪರ ಭಾಷಣಕಾರರು ಇದನ್ನು ಪದೇ ಪದೇ ಎತ್ತಿ ಆಡುತ್ತಿದ್ದರು, ವಾದದಲ್ಲಿ ಹುರುಳೂ ಇತ್ತು.

ದಕ್ಷಿಣದ ಹತ್ತಿ ರೈತನ ಪಾಡೇ ಬೇರೆ. ಅವನಿಗೆ ಅಡವಿಡಲು ಜಮೀನೂ ಇರಲಿಲ್ಲ. ಅಂತರ್ಯುದ್ಧದಲ್ಲಿ ಅಮೆರಿಕದ ಹತ್ತಿ ನಿಂತು, ಧಾರವಾಡದ ಕಡೆಯ ಹತ್ತಿಗೆ ಒಂದೆರಡು ವರ್ಷ ಹಬ್ಬವಾದದ್ದು ಆ ಸೀಮೆಯವರು ಕೇಳಿಯೇ ಇರುತ್ತೀರಿ. ಯುದ್ಧ ಮುಗಿದು ಅಮೆರಿಕದ ಹತ್ತಿ ಮರಳಿದಾಗ ಆ ಹಬ್ಬವೂ ಮುಗಿಯಿತು, ಅಲ್ಲಿ ಗುಲಾಮಗಿರಿಯೂ ಮುಗಿಯಿತು. ಬಿಡುಗಡೆಯಾದ ಕಪ್ಪು ಜನರಿಗೆ ನೆಲ ಸಿಗಲಿಲ್ಲ. ಜಮೀನ್ದಾರ ಹೇಸರಗತ್ತೆ, ಉಪಕರಣ, ಬೀಜ ಎಲ್ಲ ಕೊಟ್ಟರೆ ಬೆಳೆಯಲ್ಲಿ ಅರ್ಧ ಅವನಿಗೆ. ಹೇಸರಗತ್ತೆ ಒಕ್ಕಲಿನದೇ ಆಗಿದ್ದರೆ ಹತ್ತಿಯಲ್ಲಿ ಕಾಲುಪಾಲು, ಮೆಕ್ಕೆಜೋಳದಲ್ಲಿ ಮೂರನೇ ಒಂದು ಪಾಲು.

ಉಳಿದ ಪಾಲು ಅಂಗಡಿಯವನ ಖಾತೆಗೆ ಹೋಗುತ್ತಿತ್ತು. ಮಾರ್ಚ್‌ನಲ್ಲಿ ಒಕ್ಕಲು ಅಂಗಡಿಗೆ ಹೋಗಿ, ಇನ್ನೂ ಬಿತ್ತದ ಬೆಳೆಯನ್ನು ಬರೆದುಕೊಡುತ್ತಾನೆ. ಅದು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಲ್ಲಿ ನೋಂದಣಿಯಾಗುತ್ತದೆ. ಅಲ್ಲಿಂದಾಚೆಗೆ ಬೇರೆ ಯಾವ ಅಂಗಡಿಯೂ ಅವನಿಗೆ ಉದ್ರಿ ಕೊಡದು, ಏಕೆಂದರೆ ಒಮ್ಮೆ ಬರೆದುಕೊಟ್ಟ ಬೆಳೆಯ ಮೇಲೆ ಎರಡನೆಯವನಿಗೆ ಏನೂ ಉಳಿದಿರುವುದಿಲ್ಲ. ಪ್ರತಿ ಸಾಮಾನಿಗೂ ಎರಡು ಬೆಲೆ: ರೊಕ್ಕದ ಬೆಲೆ, ಉದ್ರಿ ಬೆಲೆ. ಉದಾಹರಣೆಗೆ ಒಂದು ಡಾಲರಿನ ಹಂದಿಮಾಂಸವೋ ಹಿಟ್ಟೋ ಉದ್ರಿಯಲ್ಲಿ 1 ಡಾಲರ್ 30 ಸೆಂಟ್. ಮೇ ತಿಂಗಳಲ್ಲಿ ತಂದು ನವೆಂಬರಿನಲ್ಲಿ ತೀರಿಸಿದರೆ ಆರು ತಿಂಗಳಿಗೆ ಶೇಕಡ 30, ಅಂದರೆ ವರ್ಷಕ್ಕೆ 60. ಖಾತೆ ಪುಸ್ತಕದಲ್ಲಿ ಬಡ್ಡಿ ಎಂಬ ಪದವೇ ಕಾಣದು. ಮನೆಗೆ ಬೇಕಾದ ಕಾಳು ಬೆಳೆದುಕೊಳ್ಳಲೂ ಅಂಗಡಿಯವನು ಬಿಡುವುದಿಲ್ಲ, ‘ಹತ್ತಿ ಹಾಕು’ ಎನ್ನುತ್ತಾನೆ. ಹತ್ತಿ ಕೊಳೆಯದು, ಒಕ್ಕಲು ಅದನ್ನು ತಿನ್ನಲಾರ, ಯಾವ ಪೇಟೆಯಲ್ಲೂ ಅದಕ್ಕೆ ಗಿರಾಕಿ ಉಂಟು. ಎಲ್ಲರೂ ಹತ್ತಿಯನ್ನೇ ಬೆಳೆದರು. 1873ರಲ್ಲಿ ಪೌಂಡಿಗೆ 14 ಸೆಂಟ್ ಆಸುಪಾಸಿನಲ್ಲಿದ್ದ ಹತ್ತಿ 1894ರಲ್ಲಿ 5 ಸೆಂಟ್ ಕೂಡ ಮುಟ್ಟಲಿಲ್ಲ. ನವೆಂಬರಿನಲ್ಲಿ ಲೆಕ್ಕ ಚುಕ್ತಾ ಆಗದಿದ್ದರೆ ಬಾಕಿ ಮುಂದಿನ ವರ್ಷಕ್ಕೆ, ಅದೇ ಅಂಗಡಿಗೆ. ಓದು ಬಾರದ ಕಪ್ಪು ಒಕ್ಕಲಿನ ಖಾತೆಯಲ್ಲಿ ಏನು ಬರೆದಿದೆ ಎಂದು ಕೇಳುವ ಧೈರ್ಯ ಯಾರಿಗಿತ್ತು? ಬಿಳಿಯ ರೈತರೂ ಲಕ್ಷಗಟ್ಟಲೆ ಈ ಬಲೆಗೆ ಬಿದ್ದರು. ದೇಶದಲ್ಲಿ ಗೇಣಿಯ ಹೊಲಗಳ ಪಾಲು 1880ರ ಶೇಕಡ 25ರಿಂದ 1900ಕ್ಕೆ 35ಕ್ಕೆ ಏರಿತು.

ಈ ಖಾತೆ ಪುಸ್ತಕದಿಂದ ತಪ್ಪಿಸಿಕೊಳ್ಳಲು ಹೊರಟದ್ದೇ 1870ರ ದಶಕದಲ್ಲಿ ಟೆಕ್ಸಸ್‌ನ ಲ್ಯಾಂಪಾಸಸ್ ಕೌಂಟಿಯಲ್ಲಿ ಹುಟ್ಟಿದ ಫಾರ್ಮರ್ಸ್ ಅಲಯನ್ಸ್. ಒಟ್ಟಾಗಿ ಕೊಳ್ಳುವುದು, ಒಟ್ಟಾಗಿ ಮಾರುವುದು ಇದರ ಮೊದಲ ಉಪಾಯ. 1888ರಲ್ಲಿ ಹತ್ತಿಯ ಮೂಟೆಗೆ ಸುತ್ತುವ ಸೆಣಬಿನ ಗೋಣಿಯ ಬೆಲೆಯನ್ನು ಒಂದು ಟ್ರಸ್ಟ್ (ತಯಾರಕರ ಕೂಟ) ಏರಿಸಿದಾಗ, ಬಂಗಾಳದ ಸೆಣಬೇ ಬೇಡವೆಂದು ಹತ್ತಿ ಬಟ್ಟೆಯನ್ನೇ ಸುತ್ತಿ ಟ್ರಸ್ಟನ್ನು ಮಣಿಸಿದರು. ಆದರೆ ಡಲ್ಲಾಸ್‌ನಲ್ಲಿ ಅಲಯನ್ಸ್‌ನ ಮುಂದಾಳು ಚಾರ್ಲ್ಸ್ ಮೆಕ್ಯೂನ್ ನಡೆಸಿದ ದೊಡ್ಡ ಸಹಕಾರಿ ವಿನಿಮಯ ಕೇಂದ್ರ ಎರಡು ವರ್ಷದಲ್ಲಿ ಮುಳುಗಿತು. ರೈತರು ಒಟ್ಟಾಗಿ ಜಾಮೀನು ನಿಂತು ಬರೆದ ಪತ್ರಗಳಿಗೆ ಬ್ಯಾಂಕುಗಳು ಹಣ ಕೊಡಲಿಲ್ಲ. ಸಹಕಾರ ಸಂಘಕ್ಕೂ ಕೊನೆಗೆ ಬೇಕಾದದ್ದು ಸಾಲವೇ ಎಂದು ಮೆಕ್ಯೂನ್‌ಗೆ ಮನದಟ್ಟಾಯಿತು.

1889ರ ಡಿಸೆಂಬರಿನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಅವರು ಮುಂದಿಟ್ಟ ಉಪಖಜಾನೆ ಯೋಜನೆ ಈ ಇಡೀ ಚಳವಳಿಯ ಅತ್ಯಂತ ಬುದ್ಧಿವಂತ ಕೂಸು ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೆ 5 ಲಕ್ಷ ಡಾಲರಿಗಿಂತ ಹೆಚ್ಚು ಬೆಳೆ ಮಾರುವ ಪ್ರತಿ ಕೌಂಟಿಯಲ್ಲೂ ಸರ್ಕಾರ ಉಗ್ರಾಣ ಕಟ್ಟಬೇಕು. ರೈತ ಕೆಡದ ಬೆಳೆಯನ್ನು ಅಲ್ಲಿಟ್ಟರೆ, ಅಂದಿನ ಧಾರಣೆಯ ಶೇಕಡ 80ರಷ್ಟು ಹಣ ಸರ್ಕಾರಿ ನೋಟಿನಲ್ಲಿ ಕೈಗೆ ಬರಬೇಕು, ಬಡ್ಡಿ ವರ್ಷಕ್ಕೆ ಶೇಕಡ 1. ಹನ್ನೆರಡು ತಿಂಗಳೊಳಗೆ ಬೆಲೆ ನೋಡಿ ಮಾರಿ ಸಾಲ ತೀರಿಸಬಹುದು. ಸುಗ್ಗಿಯಲ್ಲಿ ನೋಟು ಹೊರಗೆ ಬರುತ್ತದೆ, ಬೆಳೆ ಮಾರಿದಂತೆ ಹಿಂದಿರುಗುತ್ತದೆ. ಅಂಗಡಿಯವನ ಉದ್ರಿ, ಸುಗ್ಗಿಯ ಕುಸಿತ, ನಗದಿನ ಅಭಾವ, ಮೂರಕ್ಕೂ ಒಂದೇ ಏಟು. ಗೋಧಿ, ಹತ್ತಿ ಇಟ್ಟು ನೋಟು ಅಚ್ಚು ಹಾಕುವುದೇ ಎಂದು ವಿರೋಧಿಗಳು ಗೇಲಿ ಮಾಡಿದರು. ಇದರ ನಿಜವಾದ ದೋಷ ಬೇರೆ: ಸತತ ಮೂರು ವರ್ಷ ಬೆಲೆ ಬಿದ್ದರೆ ಉಗ್ರಾಣ ತುಂಬಿ ನಷ್ಟವೆಲ್ಲ ಸರ್ಕಾರದ ತಲೆಗೆ ಬರುತ್ತದೆ. ಜಮೀನೂ ಬೆಳೆಯ ಮೇಲಿನ ಹಕ್ಕೂ ಇಲ್ಲದ ಒಕ್ಕಲಿಗೆ ಇದು ಎಷ್ಟು ದಕ್ಕುತ್ತಿತ್ತು ಎಂಬುದೂ ಪ್ರಶ್ನೆಯೇ.

ಎರಡೂ ಹಳೆಯ ಪಕ್ಷಗಳು ತಿರುಗಿ ನೋಡದಿದ್ದಾಗ ಪೀಪಲ್ಸ್ ಪಾರ್ಟಿ ಹುಟ್ಟಿತು. 1892ರ ಜುಲೈ 4ರಂದು ಒಮಾಹಾದಲ್ಲಿ ಒಪ್ಪಿದ ಪ್ರಣಾಳಿಕೆಯಲ್ಲಿ ಉಪಖಜಾನೆ, ಸರ್ಕಾರಿ ರೈಲು, ಆದಾಯಕ್ಕೆ ತಕ್ಕ ತೆರಿಗೆ, ಅಂಚೆ ಉಳಿತಾಯ ಬ್ಯಾಂಕ್, ತಲಾ 50 ಡಾಲರಿಗೆ ಕಡಿಮೆಯಿಲ್ಲದ ಹಣ ಚಲಾವಣೆ, ಬೆಳ್ಳಿಯ ಮುಕ್ತ ಟಂಕಣೆ ಎಲ್ಲವೂ ಇದ್ದವು. ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಜೇಮ್ಸ್ ವೀವರ್‌ಗೆ ಹತ್ತು ಲಕ್ಷ ದಾಟಿ ಮತ ಬಂತು, 22 ಎಲೆಕ್ಟೋರಲ್ ಮತಗಳೂ (ಅಧ್ಯಕ್ಷರನ್ನು ಅಂತಿಮವಾಗಿ ಆರಿಸುವ ರಾಜ್ಯವಾರು ಮತಗಳು) ಸಿಕ್ಕವು. 1896ರಲ್ಲಿ ಡೆಮಾಕ್ರಟಿಕ್ ಪಕ್ಷ 36 ವರ್ಷದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್‌ರನ್ನು ನಿಲ್ಲಿಸಿ ಮುಖ್ಯವಾಗಿ ಬೆಳ್ಳಿಯನ್ನೇ ಎತ್ತಿಕೊಂಡಿತು, ಪಾಪ್ಯುಲಿಸ್ಟರೂ (ಪೀಪಲ್ಸ್ ಪಾರ್ಟಿಯವರು) ಅವರ ಹಿಂದೆ ನಡೆದರು. ಉಳಿದ ಬೇಡಿಕೆಗಳೆಲ್ಲ ಮೂಲೆಗೆ ಬಿದ್ದವು. ಬೆಳ್ಳಿಯಿಂದ ಬೆಲೆ ಏರುತ್ತಿತ್ತು, ನಿಜ. ಆದರೆ 53 ಸೆಂಟಿನ ಲೋಹಕ್ಕೆ ಡಾಲರಿನ ಮುದ್ರೆ ಒತ್ತಿದರೆ ಜನ ಚಿನ್ನವನ್ನು ಬಚ್ಚಿಡುತ್ತಾರೆ, ವಿದೇಶಿ ಸಾಲಿಗರು ಓಡುತ್ತಾರೆ, ನಡುವಿನ ಒಂದೆರಡು ವರ್ಷ ಬ್ಯಾಂಕುಗಳು ಬೀಳುತ್ತವೆ. ಅಂಗಡಿಯವನ ಉದ್ರಿ ಬೆಲೆಗಂತೂ ಬೆಳ್ಳಿ ಮದ್ದೇ ಅಲ್ಲ.

ಪಟ್ಟಣದ ಕೂಲಿಕಾರ ಬ್ರಯಾನ್‌ಗೆ ಏಕೆ ಕೈಕೊಟ್ಟ ಎಂದು ಬಹಳ ಜನ ಕೇಳುತ್ತಾರೆ. ಅವನ ಕೂಲಿಯ ಡಾಲರಿಗೆ ಬ್ರೆಡ್ ಅಗ್ಗವಾಗುತ್ತಿತ್ತು. ರೈತನಿಗೆ ಬೆಲೆ ಏರಬೇಕು, ಇವನಿಗೆ ಏರಬಾರದು. ಮಾರ್ಕ್ ಹ್ಯಾನ ಸುಮಾರು 35 ಲಕ್ಷ ಡಾಲರ್ ಎತ್ತಿ ಎದುರಾಳಿ ರಿಪಬ್ಲಿಕನ್ ಅಭ್ಯರ್ಥಿ ಮೆಕಿನ್ಲಿ ಪರ ಪ್ರಚಾರ ನಡೆಸಿದ್ದು ಅದರ ಮೇಲಿನ ಮಾತು. ಅಷ್ಟರಲ್ಲಿ ಭಾರತದಲ್ಲಿ ಮಳೆ ಕೈಕೊಟ್ಟು 1896–97ರ ಕ್ಷಾಮ ಶುರುವಾಗಿತ್ತು, ಬಿಜಾಪುರದ ಸೀಮೆಯೂ ಅದರಲ್ಲಿ ಬೆಂದಿತು. ಭಾರತದ ಗೋಧಿ ಪೇಟೆಯಿಂದ ಮರೆಯಾಯಿತು. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಷಿಕಾಗೊ ಧಾರಣೆ ಏರಿತು, ಬೆಳ್ಳಿ ಇಲ್ಲದೆ ಬೆಲೆ ಏರದು ಎಂಬ ಬ್ರಯಾನ್ ವಾದ ಮತದಾನಕ್ಕೆ ಸರಿಯಾಗಿ ಬಲ ಕಳೆದುಕೊಂಡಿತು. 271ಕ್ಕೆ 176 ಎಲೆಕ್ಟೋರಲ್ ಮತಗಳಿಂದ ಅವರು ಸೋತರು.

ಚಳವಳಿಯ ಅತಿ ದೊಡ್ಡ ದಂಡ ತೆತ್ತವರು ದಕ್ಷಿಣದ ಕಪ್ಪು ರೈತರು. ಅವರಿಗೆ ಬೇರೆಯದೇ ಅಲಯನ್ಸ್ ಇತ್ತು, ಕೆಲವು ರಾಜ್ಯಗಳಲ್ಲಿ ಬಿಳಿ ಪಾಪ್ಯುಲಿಸ್ಟರ ಜೊತೆ ಕೂಡಿ ಮತ ಹಾಕಿದ್ದರು. ಆ ಕೂಟ ಮತ್ತೆಂದೂ ಆಗದಂತೆ ಮತ ಹಾಕಲು ತಲೆಗಂದಾಯ, ಓದುಬರಹದ ಪರೀಕ್ಷೆಗಳನ್ನು ತಂದರು. ಲೂಯಿಸಿಯಾನದಲ್ಲಿ 1896ರಲ್ಲಿ 1,30,334 ಇದ್ದ ಕಪ್ಪು ಮತದಾರರು 1900ಕ್ಕೆ 5,320. ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್‌ನಲ್ಲಿ 1898ರ ನವೆಂಬರ್ 10ರಂದು ಚುನಾಯಿತ ನಗರಾಡಳಿತವನ್ನೇ ಬಂದೂಕು ಹಿಡಿದು ಕಿತ್ತೊಗೆದರು.

ಬೆಲೆ ಏರಿದ್ದು ಕೊನೆಗೆ ಚಿನ್ನದಿಂದಲೇ. ಬಡ ಅದಿರಿನಿಂದಲೂ ಚಿನ್ನ ತೆಗೆಯುವ ಸೈನೈಡ್ ವಿಧಾನ, ದಕ್ಷಿಣ ಆಫ್ರಿಕಾದ ಗಣಿಗಳು, 1896ರಲ್ಲಿ ಕೆನಡಾದ ಕ್ಲಾಂಡೈಕ್‌ನಲ್ಲಿ ಸಿಕ್ಕ ಚಿನ್ನ, ಇವುಗಳಿಂದ ಜಗತ್ತಿನ ಚಿನ್ನ ಹೆಚ್ಚಿತು. ಕೋಲಾರದ ಚಿನ್ನವೂ ಅದೇ ಹೊಳೆಗೆ ಸೇರಿ ಲಂಡನ್ನಿಗೆ ಹೋಗುತ್ತಿತ್ತು, ಪಾಲು ಸಣ್ಣದಾದರೂ. ಹಣ ಹೆಚ್ಚಿದರೆ ಬೆಲೆ ಏರುತ್ತದೆ ಎಂಬ ರೈತರ ವಾದವನ್ನು ಅವರ ಎದುರಾಳಿಗಳ ಲೋಹವೇ ಸಾಬೀತು ಮಾಡಿತು. ಆದಾಯ ತೆರಿಗೆ 1913ರಲ್ಲಿ ಸಂವಿಧಾನಕ್ಕೆ ಸೇರಿತು, ಅಂಚೆ ಉಳಿತಾಯ ಬ್ಯಾಂಕ್ 1910ರಲ್ಲೇ ಬಂದಿತ್ತು. 1916ರಲ್ಲಿ ಉಗ್ರಾಣ ರಶೀದಿಯ ಕಾಯ್ದೆಯೂ ಜಮೀನಿನ ಮೇಲೆ ದೀರ್ಘಾವಧಿ ಸಾಲ ಕೊಡುವ ಬ್ಯಾಂಕುಗಳೂ ಬಂದವು. ಎಲ್ಲರೂ ನಕ್ಕಿದ್ದ ಉಪಖಜಾನೆಯ ಹತ್ತಿರದ ಸಂಬಂಧಿ 1933ರ ಅಕ್ಟೋಬರಿನಲ್ಲಿ ಹುಟ್ಟಿತು. ಆ ವರ್ಷ ಸರ್ಕಾರದ ಕಮಾಡಿಟಿ ಕ್ರೆಡಿಟ್ ಕಾರ್ಪೊರೇಷನ್ ಹತ್ತಿಗೆ ಪೌಂಡಿಗೆ 10 ಸೆಂಟ್, ಮೆಕ್ಕೆಜೋಳಕ್ಕೆ ಬುಷಲ್‌ಗೆ 45 ಸೆಂಟ್‌ನಂತೆ ಸಾಲ ಕೊಡತೊಡಗಿತು. ಬೆಲೆ ಏರಿದರೆ ಮಾರಿ ತೀರಿಸಬಹುದು, ಏರದಿದ್ದರೆ ಬೆಳೆಯನ್ನು ಸರ್ಕಾರಕ್ಕೇ ಬಿಟ್ಟು ರೈತ ಮನೆಗೆ ಹೋಗಬಹುದಿತ್ತು.